ಮೂರು ಸಾಲಿನ ಕಾನ್ಫಿಗ್ ಫೈಲ್‌ನಿಂದ ಡೇಟಾಬೇಸ್ ಬದಲಿಸಬಹುದಾ?

ಪ್ರಶ್ನೆ: ನಮ್ಮ ಅಪ್ಲಿಕೇಶನ್ ವರ್ಷಗಳಿಂದ ಮೈಎಸ್‌ಕ್ಯೂಎಲ್ ಡೇಟಾಬೇಸ್ ಮೇಲೆ ನಡೆಯುತ್ತಿದೆ. ಈಗ ಪೋಸ್ಟ್‌ಗ್ರೆಸ್‌ಗೆ ಹೋಗುವುದು ಅಂತ ತೀರ್ಮಾನ ಆಗಿದೆ. ಅರವತ್ತು ಚಿಲ್ಲರೆ ಟೇಬಲ್‌ಗಳಿವೆ, ದೊಡ್ಡ ಟೇಬಲ್‌ನಲ್ಲಿ ಸುಮಾರು 4 ಕೋಟಿ ಸಾಲುಗಳಿವೆ. ಪೈಥಾನ್ ಸ್ಕ್ರಿಪ್ಟ್ ಬರೆಯಲು ಶುರು ಮಾಡಿದ್ದೆ. ಆಮೇಲೆ ಪಿಜಿಲೋಡರ್, ಎಂಬಲ್ಕ್ ಥರದ ಡೇಟಾ ಸಾಗಿಸುವ ಟೂಲ್‌ಗಳಿಗೆ ಒಂದು ಕಾನ್ಫಿಗ್ ಫೈಲ್ (ಏನು ಮಾಡಬೇಕು ಅನ್ನುವ ಸೂಚನೆಗಳ ಫೈಲ್) ಬರೆದುಕೊಟ್ಟರೆ ಸಾಕು ಅಂತ ಗೊತ್ತಾಯಿತು. ಪಿಜಿಲೋಡರ್‌ಗೆ ಮೂರು ಸಾಲಿನ ಫೈಲ್ ಬರೆದು ಓಡಿಸಿದೆ. ಎರರ್ ಇಲ್ಲದೆ ಮುಗಿಯಿತು, ಎರಡೂ ಕಡೆ ಸಾಲುಗಳ ಲೆಕ್ಕವೂ ಹೊಂದಿತು. ಇಷ್ಟು ಸುಲಭವಾಗಿ ಆಗಿದ್ದೇ ಭಯ ಹುಟ್ಟಿಸುತ್ತಿದೆ. ಇದನ್ನು ನಂಬಬಹುದಾ? ಫೈಲ್‌ನಲ್ಲಿ ಇನ್ನೇನು ಬರೆಯಬೇಕು?

ಉತ್ತರ:

ನಿಮಗೆ ಭಯ ಆಗಿದ್ದು ಒಳ್ಳೆಯದೇ ಆಯಿತು. ಲೆಕ್ಕ ಹೊಂದಿತು ಅಂದರೆ ಎಷ್ಟು ಸಾಲು ಹೊರಟಿತೋ ಅಷ್ಟು ಸಾಲು ತಲುಪಿದೆ ಅಂತ ಮಾತ್ರ ಅರ್ಥ. ಸಾಲಿನ ಒಳಗೆ ಇದ್ದದ್ದು ಇದ್ದ ಹಾಗೇ ತಲುಪಿದೆಯಾ ಅನ್ನುವುದನ್ನು ಆ ಲೆಕ್ಕ ಹೇಳುವುದಿಲ್ಲ.

ಮೊದಲು ಒಂದು ಮಾತು: ಸ್ಕ್ರಿಪ್ಟ್ ಬಿಟ್ಟು ಕಾನ್ಫಿಗ್ ಫೈಲ್ ಕಡೆ ಬಂದಿದ್ದು ಸರಿಯಾದ ದಾರಿ. ಅರವತ್ತು ಟೇಬಲ್‌ಗಳಿಗೆ ಸ್ವಂತ ಸ್ಕ್ರಿಪ್ಟ್ ಬರೆದರೆ ಬ್ಯಾಚ್ ಮಾಡುವುದು, ಇಂಡೆಕ್ಸ್ (ಬೇಗ ಹುಡುಕಲು ನೆರವಾಗುವ ಪಟ್ಟಿ) ಕಟ್ಟುವುದು, ಫಾರಿನ್ ಕೀ (ಒಂದು ಟೇಬಲ್ ಇನ್ನೊಂದನ್ನು ಸೂಚಿಸುವ ಕೊಂಡಿ) ಕೊನೆಗೆ ಹಾಕುವುದು ಎಲ್ಲವನ್ನೂ ನೀವೇ ಬರೆಯಬೇಕು. ಪಿಜಿಲೋಡರ್ ಇದನ್ನೆಲ್ಲ ಮಾಡುತ್ತದೆ, ಅದೂ ಪೋಸ್ಟ್‌ಗ್ರೆಸ್‌ನ ಕಾಪಿ ಪ್ರೋಟೋಕಾಲ್ (ಸಾಲುಗಳನ್ನು ಒಟ್ಟಿಗೆ ತುಂಬುವ ವಿಧಾನ) ಬಳಸಿ. ಸಾಲಿಗೊಂದು ಇನ್ಸರ್ಟ್ ಕಳಿಸುವ ಸ್ಕ್ರಿಪ್ಟ್ ಆ ವೇಗವನ್ನು ಮುಟ್ಟುವುದಿಲ್ಲ. ಇನ್ನೊಂದು ಲಾಭ ನನಗೆ ವೇಗಕ್ಕಿಂತ ಮುಖ್ಯ: ಕಾನ್ಫಿಗ್ ಫೈಲನ್ನು ಕೋಡ್ ಬರೆಯದವರೂ ಓದಬಹುದು. "ಈ ಕಾಲಂ ಹೀಗೆ ಬದಲಾಗುತ್ತದೆ" ಅಂತ ಅಲ್ಲಿ ಬರೆದಿರುವುದನ್ನು ಆ ಡೇಟಾ ಬಲ್ಲವರ ಮುಂದೆ ಇಟ್ಟು, ಸರಿಯಾ ಅಂತ ಕೇಳಬಹುದು.

ಆದರೆ ಮೂರು ಸಾಲಿನ ಫೈಲ್‌ನಲ್ಲಿ ಕೇಳಲು ಏನೂ ಇಲ್ಲ. ಎಲ್ಲಿಂದ, ಎಲ್ಲಿಗೆ ಅನ್ನುವುದು ಬಿಟ್ಟರೆ ಮಿಕ್ಕಿದ್ದನ್ನೆಲ್ಲ ಟೂಲ್‌ನ ಡೀಫಾಲ್ಟ್‌ಗಳೇ ತೀರ್ಮಾನಿಸಿವೆ. ಡೀಫಾಲ್ಟ್‌ಗಳನ್ನು ಇಟ್ಟವರು ಯೋಚಿಸಿಯೇ ಇಟ್ಟಿದ್ದಾರೆ. ಅವರು ನಿಮ್ಮ ಡೇಟಾ ನೋಡಿಲ್ಲ, ಅಷ್ಟೇ. ಹಾಗಾಗಿ ನಿಮ್ಮ ನಿಜವಾದ ಕೆಲಸ ಹಳೆಯ ಡೇಟಾಬೇಸನ್ನು ಒಂದೊಂದಾಗಿ ಪ್ರಶ್ನೆ ಕೇಳಿ, ಸಿಕ್ಕ ಉತ್ತರವನ್ನು ಕಾನ್ಫಿಗ್‌ನಲ್ಲಿ ಬರೆದಿಡುವುದು.

ಎಲ್ಲಕ್ಕಿಂತ ಮೊದಲು ಟೈನಿಇಂಟ್ (ಸಣ್ಣ ಪೂರ್ಣಾಂಕದ ಟೈಪ್) ಕಾಲಂಗಳನ್ನು ನೋಡಿ. ಸದ್ದಿಲ್ಲದೆ ಡೇಟಾ ಹಾಳಾಗುವುದು ಜಾಸ್ತಿ ಇಲ್ಲೇ. ಮೈಎಸ್‌ಕ್ಯೂಎಲ್‌ನಲ್ಲಿ ಬೂಲಿಯನ್ (ಟ್ರೂ ಅಥವಾ ಫಾಲ್ಸ್ ಮಾತ್ರ ಇಡುವುದು) ಅಂತ ಬೇರೆ ಟೈಪ್ ಇಲ್ಲ. ಟೇಬಲ್ ಮಾಡುವಾಗ ಬೂಲಿಯನ್ ಅಂತ ಬರೆದರೂ ಅದು ಟೈನಿಇಂಟ್(1) ಆಗಿ ಕೂರುತ್ತದೆ. ಆವರಣದಲ್ಲಿರುವ 1 ಬರೀ ತೋರಿಸುವ ಅಗಲ. ಆ ಕಾಲಂ -128ರಿಂದ 127ರವರೆಗಿನ ಯಾವ ಸಂಖ್ಯೆಯನ್ನಾದರೂ ಇಟ್ಟುಕೊಳ್ಳುತ್ತದೆ. ನೀವು ಬೇರೆ ಹೇಳದಿದ್ದರೆ ಪಿಜಿಲೋಡರ್ ಟೈನಿಇಂಟ್(1)ನ್ನು ಬೂಲಿಯನ್ ಮಾಡುತ್ತದೆ. ಅದರ ನಿಯಮ ಸರಳ: 0 ಇದ್ದರೆ ಫಾಲ್ಸ್, ಬೇರೆ ಯಾವ ಸಂಖ್ಯೆ ಇದ್ದರೂ ಟ್ರೂ.

ಈಗ ಯಾರೋ ಹಿಂದೆ ಆರ್ಡರ್ ಟೇಬಲ್‌ನ ಸ್ಟೇಟಸ್ ಕಾಲಂಗೆ ಟೈನಿಇಂಟ್(1) ಕೊಟ್ಟು, 0 ಅಂದರೆ ಹೊಸದು, 1 ಅಂದರೆ ಹಣ ಬಂದಿದೆ, 2 ಅಂದರೆ ಕಳಿಸಿದೆ, 3 ಅಂದರೆ ವಾಪಸ್ ಬಂದಿದೆ ಅಂತ ಬಳಸಿದ್ದಾರೆ ಅಂದುಕೊಳ್ಳಿ. ಪಿಜಿಲೋಡರ್ ಓಡಿದ ಮೇಲೆ 1, 2, 3 ಮೂರೂ ಟ್ರೂ ಆಗಿರುತ್ತವೆ. ಎರರ್ ಇಲ್ಲ, ಎಚ್ಚರಿಕೆ ಇಲ್ಲ, ಸಾಲುಗಳ ಲೆಕ್ಕ ಸರಿಯಾಗಿಯೇ ಇದೆ. ಹಳೆಯ ಡೇಟಾಬೇಸ್ ಅಳಿಸಿದ ಮೇಲೆ ಇದು ಗೊತ್ತಾದರೆ ಸರಿಪಡಿಸಲು ದಾರಿಯೇ ಇರುವುದಿಲ್ಲ.

ಹಾಗಾಗಿ ಡೇಟಾಬೇಸ್ ತನ್ನ ಟೇಬಲ್‌ಗಳ ವಿವರ ಇಡುವ ಇನ್‌ಫರ್ಮೇಶನ್ ಸ್ಕೀಮಾದ ಕಾಲಮ್ಸ್ ಟೇಬಲ್‌ನಿಂದ ಎಲ್ಲ ಟೈನಿಇಂಟ್(1) ಕಾಲಂಗಳ ಪಟ್ಟಿ ತೆಗೆಯಿರಿ. ಪ್ರತಿ ಕಾಲಂನಲ್ಲಿ ಯಾವ ಯಾವ ಬೆಲೆಗಳಿವೆ ಅಂತ ಡಿಸ್ಟಿಂಕ್ಟ್ ಹಾಕಿ ನೋಡಿ. 0, 1 ಮತ್ತು ನಲ್ (ಖಾಲಿ) ಬಿಟ್ಟು ಬೇರೆ ಏನಾದರೂ ಕಂಡರೆ, ಆ ಕಾಲಂಗೆ ಕಾನ್ಫಿಗ್‌ನ ಕಾಸ್ಟ್ (ಟೈಪ್ ಬದಲಿಸುವ ನಿಯಮಗಳ) ಭಾಗದಲ್ಲಿ ಸ್ಮಾಲ್‌ಇಂಟ್ ಅಂತ ಬರೆಯಿರಿ. ಜೊತೆಗೆ 'ಡ್ರಾಪ್ ಟೈಪ್‌ಮಾಡ್' ಸೇರಿಸಿ. ಇಲ್ಲದಿದ್ದರೆ ಆವರಣದ 1 ಕೂಡ ಹೊಸ ಟೈಪ್‌ಗೆ ಅಂಟಿಕೊಂಡು ಹೋಗುತ್ತದೆ, ಪೋಸ್ಟ್‌ಗ್ರೆಸ್ ಅದನ್ನು ಒಪ್ಪುವುದಿಲ್ಲ. ನಿಜವಾಗಿಯೂ ಬೂಲಿಯನ್ ಆಗಿರುವ ಕಾಲಂಗಳಿಗೂ ನಿಯಮವನ್ನು ಬರೆದೇ ಬಿಡಿ. ಡೀಫಾಲ್ಟ್ ಅದೇ ಇದ್ದರೂ ಪರವಾಗಿಲ್ಲ. ನಾಳೆ ಫೈಲ್ ಓದುವವರಿಗೆ ಇದನ್ನು ಯಾರೋ ನೋಡಿ ತೀರ್ಮಾನಿಸಿದ್ದಾರೆ ಅಂತ ಗೊತ್ತಾಗುತ್ತದೆ.

ಎರಡನೆಯದು ತಾರೀಖುಗಳು. ಹಳೆಯ ಮೈಎಸ್‌ಕ್ಯೂಎಲ್ ಡೇಟಾದಲ್ಲಿ '0000-00-00' ಅನ್ನುವ ತಾರೀಖು ಸಿಕ್ಕೇ ಸಿಗುತ್ತದೆ. ಪೋಸ್ಟ್‌ಗ್ರೆಸ್‌ಗೆ ಅಂಥ ತಾರೀಖೇ ಇಲ್ಲ. ಪಿಜಿಲೋಡರ್‌ನಲ್ಲಿ ಸೊನ್ನೆ ತಾರೀಖನ್ನು ನಲ್ ಮಾಡುವ ಫಂಕ್ಷನ್ ಇದೆ. ಬಹಳಷ್ಟು ಸಲ ಅದೇ ಸರಿ. ಆದರೆ ನಿಮ್ಮ ಅಪ್ಲಿಕೇಶನ್‌ನಲ್ಲಿ ನಲ್ ಅಂದರೆ "ಗೊತ್ತಿಲ್ಲ", ಸೊನ್ನೆ ತಾರೀಖು ಅಂದರೆ "ಇನ್ನೂ ಆಗಿಲ್ಲ" ಅಂತ ಬೇರೆ ಬೇರೆ ಅರ್ಥ ಇದ್ದರೆ ಎರಡೂ ಕಲಸಿಹೋಗುತ್ತವೆ. ಹಾಗಿದ್ದರೆ ಮೊದಲೇ ಮೈಎಸ್‌ಕ್ಯೂಎಲ್ ಕಡೆ ಒಂದು ಕಾಲಂ ಸೇರಿಸಿ ಆ ವ್ಯತ್ಯಾಸವನ್ನು ಉಳಿಸಿಕೊಳ್ಳಿ.

ಇದಕ್ಕಿಂತ ತೊಡಕಿನದು ಸಮಯ ವಲಯ. ಮೈಎಸ್‌ಕ್ಯೂಎಲ್‌ನ ಡೇಟ್‌ಟೈಮ್ ಕಾಲಂಗೆ ವಲಯದ ಅರಿವೇ ಇಲ್ಲ; ಬರೆದದ್ದನ್ನು ಬರೆದಂತೆ ಇಟ್ಟುಕೊಳ್ಳುತ್ತದೆ. ಪಿಜಿಲೋಡರ್ ಅದನ್ನು ಡೀಫಾಲ್ಟ್ ಆಗಿ ವಲಯ ಇರುವ ಟೈಮ್‌ಸ್ಟ್ಯಾಂಪ್ ಮಾಡುತ್ತದೆ. ಯಾವ ವಲಯ ಅಂತ ನೀವು ಹೇಳದಿದ್ದರೆ, ಆ ಹೊತ್ತಿಗೆ ಪೋಸ್ಟ್‌ಗ್ರೆಸ್ ಸೆಷನ್‌ನಲ್ಲಿ ಯಾವುದು ಇದೆಯೋ ಅದೇ. ನಿಮ್ಮ ಅಪ್ಲಿಕೇಶನ್ ಸ್ಥಳೀಯ ಸಮಯ ಬರೆಯುತ್ತಿದ್ದು, ಸೆಷನ್ ಯುಟಿಸಿಯಲ್ಲಿದ್ದರೆ ಇಡೀ ಡೇಟಾಬೇಸಿನ ಸಮಯಗಳು ಕೆಲವು ಗಂಟೆ ಜರುಗಿರುತ್ತವೆ. ಎಲ್ಲವೂ ಒಂದೇ ಅಳತೆಯಲ್ಲಿ ಜರುಗುವುದರಿಂದ ಮೇಲ್ನೋಟಕ್ಕೆ ಏನೂ ಗೊತ್ತಾಗುವುದಿಲ್ಲ. ಕಾನ್ಫಿಗ್‌ನ ಸೆಟ್ ಭಾಗದಲ್ಲಿ ಟೈಮ್‌ಜೋನ್ ಯಾವುದು ಅಂತ ಬರೆದೇ ಓಡಿಸಿ. ಆಮೇಲೆ ನಿಮಗೆ ನಿಖರವಾಗಿ ಸಮಯ ಗೊತ್ತಿರುವ ಒಂದು ಸಾಲನ್ನು ಎರಡೂ ಕಡೆ ಕಣ್ಣಾರೆ ನೋಡಿ. ಹುಟ್ಟಿದ ದಿನ, ರಜೆಯ ದಿನದಂಥವನ್ನು ಯಾರಾದರೂ ಡೇಟ್‌ಟೈಮ್‌ನಲ್ಲಿ ಇಟ್ಟಿದ್ದರೆ ಅವಕ್ಕೆ ವಲಯ ಅಂಟಿಸಲೇಬೇಡಿ. ಬರೀ ಡೇಟ್ ಟೈಪ್ ಕೊಡಿ.

ಸಂಖ್ಯೆಗಳ ವಿಷಯ ಬೇಗ ಮುಗಿಯುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ಅನ್‌ಸೈನ್ಡ್ (ಋಣ ಸಂಖ್ಯೆ ಇಡದ) ಪೂರ್ಣಾಂಕ ಇಲ್ಲ. ಮೈಎಸ್‌ಕ್ಯೂಎಲ್‌ನ ಅನ್‌ಸೈನ್ಡ್ ಇಂಟ್ 4294967295ರವರೆಗೆ ಹೋಗುತ್ತದೆ, ಪೋಸ್ಟ್‌ಗ್ರೆಸ್‌ನ ಇಂಟಿಜರ್ 2147483647ಕ್ಕೇ ನಿಲ್ಲುತ್ತದೆ. ಅದಕ್ಕೆ ಬಿಗ್‌ಇಂಟ್ ಕೊಡಿ. ಅನ್‌ಸೈನ್ಡ್ ಬಿಗ್‌ಇಂಟ್ ಇದ್ದರೆ ನ್ಯೂಮೆರಿಕ್ (ಅಂಕಿಗಳನ್ನು ನಿಖರವಾಗಿ ಇಡುವ ಟೈಪ್). ಹಣದ ಕಾಲಂ ಯಾವುದಾದರೂ ಫ್ಲೋಟ್ ಅಥವಾ ಡಬಲ್‌ನಲ್ಲಿ ಇದ್ದರೆ ನ್ಯೂಮೆರಿಕ್ ಮಾಡಲು ಇದೇ ಒಳ್ಳೆಯ ಸಮಯ. ಆದರೆ ಎಷ್ಟು ದಶಮಾಂಶ ಸ್ಥಾನ ಅನ್ನುವುದನ್ನು ಲೆಕ್ಕಪತ್ರ ನೋಡುವವರನ್ನು ಕೇಳಿ ಬರೆಯಿರಿ.

ಅಕ್ಷರಗಳ ಕಡೆ ಬನ್ನಿ. ಮೈಎಸ್‌ಕ್ಯೂಎಲ್‌ನಲ್ಲಿ 'ಯುಟಿಎಫ್8' ಅಂತ ಹೇಳಿಕೊಂಡು ಬಂದ ಎನ್‌ಕೋಡಿಂಗ್ ಅಕ್ಷರಕ್ಕೆ 3 ಬೈಟ್ ಮಾತ್ರ ಹಿಡಿಯುತ್ತಿತ್ತು. ಪೂರ್ತಿ 4 ಬೈಟ್ ಹಿಡಿಯುವುದು 'ಯುಟಿಎಫ್8ಎಂಬಿ4'. ಕನ್ನಡದ ಅಕ್ಷರಗಳಿಗೆ ಯುನಿಕೋಡ್ ಸಂಕೇತವೊಂದಕ್ಕೆ 3 ಬೈಟ್ ಸಾಕು. ಹಾಗಾಗಿ ಕನ್ನಡ ಬರಹ ಹಳೆಯ ಕಾಲಂಗಳಲ್ಲೂ ಸರಿಯಾಗಿ ಕೂತಿರುತ್ತದೆ. ಬಹುಪಾಲು ಎಮೋಜಿಗಳಿಗೆ 4 ಬೈಟ್ ಬೇಕು, ಅಲ್ಲಿ ತೊಂದರೆ. ನಿಜವಾದ ಕಷ್ಟ ಇರುವುದು ಲ್ಯಾಟಿನ್1 ಅಂತ ಘೋಷಿಸಿದ ಕಾಲಂನಲ್ಲಿ ಅಪ್ಲಿಕೇಶನ್ ಯುಟಿಎಫ್8 ಬೈಟ್‌ಗಳನ್ನು ತುಂಬುತ್ತಾ ಬಂದಿದ್ದರೆ. ಓದುವವನೂ ಬರೆಯುವವನೂ ಒಂದೇ ತಪ್ಪು ಮಾಡುವ ತನಕ ಎಲ್ಲ ಸರಿ ಕಾಣುತ್ತದೆ. ಮೈಗ್ರೇಶನ್ ಟೂಲ್ ಮಾತ್ರ ಘೋಷಣೆಯನ್ನು ನಂಬಿ, ಲ್ಯಾಟಿನ್1 ಅಂತಲೇ ಓದಿ, ಮತ್ತೊಮ್ಮೆ ಯುಟಿಎಫ್8ಗೆ ಬದಲಿಸುತ್ತದೆ. ಒಂದು ಕನ್ನಡ ಅಕ್ಷರ ಇದ್ದಲ್ಲಿ ಅರ್ಥವಿಲ್ಲದ ಮೂರು ಗುರುತು ಬರುತ್ತವೆ. ಇದನ್ನು ಕಂಡುಹಿಡಿಯಲು ಹಳೆಯ ಕಡೆ ಅಂಥ ಕಾಲಂನ ಕೆಲವು ಬೆಲೆಗಳನ್ನು ಹೆಕ್ಸ್ (ಬೈಟ್‌ಗಳ ಅಂಕಿ ರೂಪ) ಆಗಿ ತೆಗೆದು ನೋಡಿ. ಸರಿಪಡಿಸುವುದನ್ನು ಮೈಎಸ್‌ಕ್ಯೂಎಲ್ ಕಡೆಯೇ ಮುಗಿಸಿ: ಕಾಲಂನ್ನು ಮೊದಲು ಬೈನರಿ ಟೈಪ್‌ಗೆ, ಅಲ್ಲಿಂದ ಯುಟಿಎಫ್8ಎಂಬಿ4ಗೆ. ನೇರವಾಗಿ ಬದಲಿಸಿದರೆ ಅದೇ ತಪ್ಪು ಅಲ್ಲೇ ಆಗುತ್ತದೆ. ಇದನ್ನು ಡೇಟಾದ ಒಂದು ನಕಲಿನ ಮೇಲೆ ಮಾಡಿ, ಚಾಲ್ತಿಯಲ್ಲಿರುವುದರ ಮೇಲಲ್ಲ.

ಇನ್ನು ಫೈಲ್‌ನ ಉಳಿದ ಭಾಗ. ಟೇಬಲ್‌ಗಳ ಹೆಸರಿಗೆ ಮುಂಚೆ ಬರುವ ಸ್ಕೀಮಾ (ಟೇಬಲ್‌ಗಳ ಗುಂಪಿನ ಹೆಸರು) ನಿಮಗೆ ಅಚ್ಚರಿ ತರಬಹುದು. ಪಿಜಿಲೋಡರ್ ಮೈಎಸ್‌ಕ್ಯೂಎಲ್ ಡೇಟಾಬೇಸಿನ ಹೆಸರಿನಲ್ಲೇ ಪೋಸ್ಟ್‌ಗ್ರೆಸ್‌ನಲ್ಲಿ ಒಂದು ಸ್ಕೀಮಾ ಮಾಡಿ ಅದರೊಳಗೆ ಎಲ್ಲವನ್ನೂ ಇಡುತ್ತದೆ. ಪೋಸ್ಟ್‌ಗ್ರೆಸ್‌ನ ಡೀಫಾಲ್ಟ್ ಸ್ಕೀಮಾ ಆದ ಪಬ್ಲಿಕ್‌ನಲ್ಲಿ ಬೇಕಿದ್ದರೆ 'ಆಲ್ಟರ್ ಸ್ಕೀಮಾ' ಸಾಲು ಸೇರಿಸಿ. ದೊಡ್ಡಕ್ಷರ ಬೆರೆತ ಹೆಸರುಗಳನ್ನು ಅದು ಸಣ್ಣಕ್ಷರ ಮಾಡುತ್ತದೆ. ಇದನ್ನು ಹಾಗೇ ಬಿಡಿ ಅನ್ನುತ್ತೇನೆ. ಹೆಸರು ಉಳಿಸಿಕೊಳ್ಳಲು ಹೋದರೆ ಮುಂದೆ ಪ್ರತಿ ಕ್ವೆರಿಯಲ್ಲೂ ಉದ್ಧರಣ ಚಿಹ್ನೆ ಹಾಕುತ್ತಾ ಕೂರಬೇಕು.

'ರೀಸೆಟ್ ಸೀಕ್ವೆನ್ಸಸ್' ಇದೆಯಾ ನೋಡಿ. ಸಾಲುಗಳು ತಮ್ಮ ಹಳೆಯ ಐಡಿ ಹೊತ್ತುಕೊಂಡೇ ಬರುತ್ತವೆ, ಆದರೆ ಪೋಸ್ಟ್‌ಗ್ರೆಸ್‌ನ ಸೀಕ್ವೆನ್ಸ್‌ಗೆ (ಮುಂದಿನ ಐಡಿ ಕೊಡುವ ಎಣಿಕೆಗೆ) ಅದು ಗೊತ್ತಾಗುವುದಿಲ್ಲ. ಅದು 1ರಲ್ಲೇ ಇದ್ದರೆ ಹೊಸ ವ್ಯವಸ್ಥೆಯಲ್ಲಿ ಮೊದಲ ಸಾಲು ಸೇರಿಸಿದ ಕೂಡಲೇ ಡೂಪ್ಲಿಕೇಟ್ ಕೀ ಎರರ್ ಬರುತ್ತದೆ. ಪಿಜಿಲೋಡರ್ ಇದನ್ನು ನೋಡಿಕೊಳ್ಳುತ್ತದೆ. ಬೇರೆ ಟೂಲ್‌ಗಳಲ್ಲಿ ಕೈಯಾರೆ ಸೆಟ್‌ವ್ಯಾಲ್ ಓಡಿಸಬೇಕಾಗಬಹುದು.

'ಇನ್‌ಕ್ಲೂಡ್ ಡ್ರಾಪ್' ಬಗ್ಗೆ ಹುಷಾರು. ತಾಲೀಮಿನ ಹೊತ್ತಲ್ಲಿ ಇದು ಬಹಳ ಅನುಕೂಲ: ಪ್ರತಿ ಸಲ ಗುರಿಯಲ್ಲಿರುವ ಅದೇ ಹೆಸರಿನ ಟೇಬಲ್‌ಗಳನ್ನು ಅಳಿಸಿ ಹೊಸದಾಗಿ ಶುರು ಮಾಡುತ್ತದೆ. ಗುರಿಯ ವಿಳಾಸ ತಪ್ಪಿದರೆ ಅಳಿಸುವುದು ತಪ್ಪು ಟೇಬಲ್‌ಗಳನ್ನೇ. ತಾಲೀಮಿಗೂ ಕೊನೆಯ ಓಟಕ್ಕೂ ಬೇರೆ ಬೇರೆ ಬಳಕೆದಾರ ಖಾತೆ ಇಡಿ. ತಾಲೀಮಿನ ಖಾತೆಗೆ ಚಾಲ್ತಿ ಸರ್ವರ್‌ನಲ್ಲಿ ಹಕ್ಕೇ ಇರದಿದ್ದರೆ ಈ ಚಿಂತೆ ಇಲ್ಲ.

ನಿಮ್ಮ 4 ಕೋಟಿ ಸಾಲಿನ ಟೇಬಲ್‌ಗೆ ಸಾಲುಗಳ ಸಂಖ್ಯೆ ಅಂಥ ಸಮಸ್ಯೆ ಅಲ್ಲ. ಒಂದೊಂದು ಸಾಲು ಎಷ್ಟು ದಪ್ಪ ಅನ್ನುವುದು ಸಮಸ್ಯೆ. ಉದ್ದದ ಬರಹ, ಫೋಟೋ, ಪಿಡಿಎಫ್ ಥರದ ಬ್ಲಾಬ್ ಇದ್ದರೆ ಪಿಜಿಲೋಡರ್ ಹೀಪ್ ಮೆಮರಿ ಸಾಲದೆ ನಿಂತುಬಿಡಬಹುದು. ಆಗ 'ಪ್ರಿಫೆಚ್ ರೋಸ್', 'ಬ್ಯಾಚ್ ರೋಸ್' ಎರಡನ್ನೂ ಇಳಿಸಿ. ಅಂಥ ಟೇಬಲ್‌ಗಳನ್ನು ಬೇರೆ ಕಾನ್ಫಿಗ್ ಫೈಲ್‌ಗೆ ಹಾಕಿ, ಮುಖ್ಯ ಫೈಲ್‌ನಲ್ಲಿ ಅವನ್ನು ಹೊರಗಿಡುವುದು ಇನ್ನೂ ಒಳ್ಳೆಯದು. ಒಂದು ದಪ್ಪ ಟೇಬಲ್‌ಗೋಸ್ಕರ ಉಳಿದ ಎಲ್ಲವನ್ನೂ ನಿಧಾನ ಮಾಡಬೇಕಿಲ್ಲ.

ಪಾಸ್‌ವರ್ಡನ್ನು ಫೈಲ್‌ನಲ್ಲಿ ಬರೆಯಬೇಡಿ. ಈ ಫೈಲ್ ಗಿಟ್‌ಗೆ ಹೋಗಬೇಕು, ನಾಲ್ಕು ಜನ ಓದಬೇಕು. ಪಿಜಿಲೋಡರ್ ಮಸ್ಟ್ಯಾಷ್ ಟೆಂಪ್ಲೇಟ್ (ಖಾಲಿ ಜಾಗ ಬಿಟ್ಟು ಆಮೇಲೆ ತುಂಬುವ ಫೈಲ್) ಓದುತ್ತದೆ, ಬೆಲೆಗಳನ್ನು ಎನ್ವಿರಾನ್‌ಮೆಂಟ್ ವೇರಿಯಬಲ್‌ನಿಂದ ಕೊಡಬಹುದು. ಎಂಬಲ್ಕ್‌ನಲ್ಲಿ ಲಿಕ್ವಿಡ್ ಟೆಂಪ್ಲೇಟ್ ಇದೆ. ಪಾಸ್‌ವರ್ಡ್‌ನಲ್ಲಿ @ ಇದ್ದು ಅದು ವಿಳಾಸದ ಸಾಲಿನ ಒಳಗೆ ಬಂದರೆ, ಅಲ್ಲಿಂದ ಮುಂದಿನದನ್ನು ಸರ್ವರ್ ಹೆಸರು ಅಂತ ಟೂಲ್ ಅಂದುಕೊಳ್ಳುವ ಅಪಾಯ ಇದೆ. ಸುಮ್ನೆ ತಲೆ ಕೆಡಿಸಿಕೊಳ್ಳುವ ಬದಲು ಮೈಎಸ್‌ಕ್ಯೂಎಲ್ ಕಡೆ ಈ ಕೆಲಸಕ್ಕೆ ಅಂತಲೇ ಒಂದು ಖಾತೆ ಮಾಡಿ, ಅಕ್ಷರ ಮತ್ತು ಅಂಕಿ ಮಾತ್ರ ಇರುವ ಉದ್ದದ ಪಾಸ್‌ವರ್ಡ್ ಕೊಡಿ, ಓದುವ ಹಕ್ಕು ಮಾತ್ರ ಕೊಡಿ, ಕೆಲಸ ಮುಗಿದ ಮೇಲೆ ಅಳಿಸಿ. ಮೈಎಸ್‌ಕ್ಯೂಎಲ್ 8ರಿಂದ ಲಾಗಿನ್ ವಿಧಾನದ ಡೀಫಾಲ್ಟ್ ಬದಲಾಗಿದೆ. ಪಿಜಿಲೋಡರ್ ಅದರ ಮುಂದೆ ತಡವರಿಸುತ್ತದೆ. ಲಾಗಿನ್‌ನಲ್ಲೇ ನಿಂತರೆ ಆ ತಾತ್ಕಾಲಿಕ ಖಾತೆಗೆ ಹಳೆಯ ನೇಟಿವ್ ಪಾಸ್‌ವರ್ಡ್ ವಿಧಾನ ಕೊಟ್ಟು ನೋಡಿ. ಮೈಎಸ್‌ಕ್ಯೂಎಲ್ 9ರಲ್ಲಿ ಆ ವಿಧಾನವನ್ನೇ ತೆಗೆದುಹಾಕಿದ್ದಾರೆ. ಅಲ್ಲಿಂದ ಹೊರಡುವುದಾದರೆ ಬೇರೆ ದಾರಿ ನೋಡಬೇಕು.

ಎಂಬಲ್ಕ್ ಹೆಸರೂ ಎತ್ತಿದ್ದೀರಿ. ಗುರಿ ಪೋಸ್ಟ್‌ಗ್ರೆಸ್ ಅಲ್ಲದಿದ್ದಾಗ, ಅಥವಾ ದಿನಾ ಹೊಸ ಸಾಲುಗಳನ್ನು ಸಾಗಿಸುತ್ತಿರಬೇಕಾದಾಗ ಅದು ಒಳ್ಳೆಯ ಆಯ್ಕೆ. ಅದರ ಕಾನ್ಫಿಗ್ ಯಾಮಲ್‌ನಲ್ಲಿ ಇರುತ್ತದೆ: ಒಳಬರುವ ಭಾಗ, ಬೇಕಿದ್ದರೆ ಫಿಲ್ಟರ್, ಹೊರಹೋಗುವ ಭಾಗ. ಓಡಿಸುವ ಮೊದಲು ಪ್ರಿವ್ಯೂ ನೋಡುವ ಸೌಲಭ್ಯ ನನಗೆ ಬಹಳ ಇಷ್ಟ. ಎರಡು ವಿಷಯ ಮಾತ್ರ ನೆನಪಿರಲಿ. ಎಂಬಲ್ಕ್ ಒಳಗೆ ಬೂಲಿಯನ್, ಲಾಂಗ್, ಡಬಲ್, ಟೈಮ್‌ಸ್ಟ್ಯಾಂಪ್, ಸ್ಟ್ರಿಂಗ್, ಜೇಸನ್ ಅಂತ ಆರೇ ಟೈಪ್‌ಗಳು. ಡೆಸಿಮಲ್ ಇಲ್ಲ. ಹಣದ ಕಾಲಂ ಡಬಲ್ ಆಗಿ ದಾಟಿದರೆ ಪೈಸೆಯ ಲೆಕ್ಕ ಅಲುಗಾಡಬಹುದು; ಕಾಲಂ ಆಪ್ಷನ್ಸ್‌ನಲ್ಲಿ ಅದನ್ನು ಸ್ಟ್ರಿಂಗ್ ಅಂತ ಬರೆದು ದಾಟಿಸಿ. ಇನ್ನೊಂದು, 'ರಿಪ್ಲೇಸ್' ಮೋಡ್ ಹೊಸ ಟೇಬಲ್ ಮಾಡಿ ಹಳೆಯದರ ಜಾಗಕ್ಕೆ ತರುತ್ತದೆ. ನೀವು ಮೊದಲೇ ಕಟ್ಟಿಟ್ಟ ಇಂಡೆಕ್ಸ್, ಕನ್‌ಸ್ಟ್ರೇಂಟ್‌ಗಳು ಹಳೆಯ ಟೇಬಲ್ ಜೊತೆಗೇ ಹೋಗುತ್ತವೆ. ಹಾಗೆಯೇ ಮುಂದೆ ಎಂದಾದರೂ ಒರಾಕಲ್‌ನಿಂದ ಹೊರಡಬೇಕಾಗಿ ಬಂದರೆ ಒರಾ2ಪಿಜಿ ನೋಡಿ. ಅದು ಡೇಟಾ ಮುಟ್ಟುವ ಮೊದಲೇ ಎಷ್ಟು ಕೆಲಸ ಇದೆ ಅಂತ ಅಂದಾಜು ವರದಿ ಕೊಡುತ್ತದೆ.

ಈಗ ನಿಮ್ಮ ಮೊದಲ ಪ್ರಶ್ನೆ, ನಂಬುವುದು ಹೇಗೆ? ಸಾಲುಗಳ ಲೆಕ್ಕದ ಆಚೆಗೆ ಹೋಗಿ. ಪ್ರತಿ ಟೇಬಲ್‌ನ ಪ್ರತಿ ಕಾಲಂಗೆ ನಲ್ ಎಷ್ಟಿವೆ, ಬೇರೆ ಬೇರೆ ಬೆಲೆಗಳು ಎಷ್ಟಿವೆ, ಅತಿ ಕಡಿಮೆ ಮತ್ತು ಅತಿ ಜಾಸ್ತಿ ಬೆಲೆ ಯಾವುದು ಅಂತ ಎರಡೂ ಕಡೆ ತೆಗೆದು ಹೋಲಿಸಿ. ಸಂಖ್ಯೆಯ ಕಾಲಂಗಳಿಗೆ ಮೊತ್ತವೂ ಬೇಕು, ಬರಹದ ಕಾಲಂಗಳಿಗೆ ಒಟ್ಟು ಅಕ್ಷರಗಳ ಉದ್ದವೂ ಬೇಕು. ಮೈಎಸ್‌ಕ್ಯೂಎಲ್‌ನಲ್ಲಿ ಲೆಂಗ್ತ್ ಅಂದರೆ ಬೈಟ್‌ಗಳ ಲೆಕ್ಕ, ಪೋಸ್ಟ್‌ಗ್ರೆಸ್‌ನಲ್ಲಿ ಅದೇ ಲೆಂಗ್ತ್ ಅಂದರೆ ಅಕ್ಷರಗಳ ಲೆಕ್ಕ. ಆದ್ದರಿಂದ ಎರಡೂ ಕಡೆ ಕ್ಯಾರ್‌ಲೆಂಗ್ತ್ ಬಳಸಿ. ಸ್ಟೇಟಸ್ ಕಾಲಂ ಬೂಲಿಯನ್ ಆಗಿ ಹಾಳಾಗಿದ್ದರೆ, ಹಳೆಯ ಕಡೆ ನಾಲ್ಕು ಬೆಲೆ ಇದ್ದದ್ದು ಹೊಸ ಕಡೆ ಎರಡಾಗಿರುವುದು ಈ ಹೋಲಿಕೆಯಲ್ಲಿ ಸಿಕ್ಕಿಬೀಳುತ್ತದೆ. ಬರಹದ ಕಾಲಂಗಳಲ್ಲಿ ಬೇರೆ ಬೇರೆ ಬೆಲೆಗಳ ಲೆಕ್ಕ ಮಾತ್ರ ಸ್ವಲ್ಪ ಹೆಚ್ಚುಕಮ್ಮಿ ಬಂದರೆ ಗಾಬರಿ ಬೇಡ. ಮೈಎಸ್‌ಕ್ಯೂಎಲ್‌ನ ಸಾಮಾನ್ಯ ಕೊಲೇಶನ್ (ಬರಹ ಹೋಲಿಸುವ ನಿಯಮ) ದೊಡ್ಡಕ್ಷರ, ಸಣ್ಣಕ್ಷರಗಳನ್ನು ಒಂದೇ ಅಂತ ನೋಡುತ್ತದೆ, ಪೋಸ್ಟ್‌ಗ್ರೆಸ್ ಬೇರೆ ಬೇರೆ ಅನ್ನುತ್ತದೆ. ಲೆಕ್ಕಕ್ಕೆ ಗಾಬರಿ ಬೇಡ ಅಂದೆ, ಆದರೆ ಲಾಗಿನ್ ಕೋಡ್ ನೋಡಿಕೊಳ್ಳಿ. ಇಮೇಲ್‌ನ ಮೊದಲ ಅಕ್ಷರ ದೊಡ್ಡದಾಗಿ ಟೈಪ್ ಮಾಡುವವರು ನಿನ್ನೆ ತನಕ ಒಳಗೆ ಬರುತ್ತಿದ್ದರು, ನಾಳೆ ಬರಲಾಗುವುದಿಲ್ಲ.

ಈ ಹೋಲಿಕೆಗೆ ಅರ್ಥ ಇರಬೇಕಾದರೆ ಎರಡೂ ಕಡೆ ಒಂದೇ ಗಳಿಗೆಯ ಡೇಟಾ ಇರಬೇಕು. ತಾಲೀಮಿಗೆ ಚಾಲ್ತಿ ಡೇಟಾಬೇಸ್ ಬೇಡ, ಬ್ಯಾಕಪ್‌ನಿಂದ ಎಬ್ಬಿಸಿದ ನಕಲು ಸಾಕು. ಪೂರ್ತಿ ಡೇಟಾದ ಮೇಲೆ ಓಡಿಸಿ, ಹೋಲಿಸಿ, ಕಾನ್ಫಿಗ್ ತಿದ್ದಿ, ಮತ್ತೆ ಮೊದಲಿನಿಂದ ಓಡಿಸಿ. ಪೋಸ್ಟ್‌ಗ್ರೆಸ್ ಕಡೆ ಕೈಯಿಂದ ಏನನ್ನೂ ತಿದ್ದಬೇಡಿ. ಕೈಯಿಂದ ಮಾಡಿದ್ದು ಕೊನೆಯ ಓಟದಲ್ಲಿ ಇರುವುದಿಲ್ಲ. ತಿದ್ದಲೇಬೇಕಾದ್ದು ಇದ್ದರೆ ಅದನ್ನು 'ಆಫ್ಟರ್ ಲೋಡ್' ಭಾಗದಲ್ಲಿ ಬರೆಯಿರಿ. ಎರಡು ಓಟ ಯಾವ ತಿದ್ದುಪಡಿಯೂ ಇಲ್ಲದೆ ಒಂದೇ ಫಲಿತಾಂಶ ಕೊಟ್ಟರೆ ದಿನಾಂಕ ಗೊತ್ತುಮಾಡಬಹುದು. ಓಟಕ್ಕೆ ಹಿಡಿಯುವ ಸಮಯವೂ ಅಷ್ಟು ಹೊತ್ತಿಗೆ ಗೊತ್ತಾಗಿರುತ್ತದೆ. ಆ ದಿನ ಅಷ್ಟು ಹೊತ್ತು ಅಪ್ಲಿಕೇಶನ್‌ನಲ್ಲಿ ಬರೆಯುವುದನ್ನು ನಿಲ್ಲಿಸಿ. ನಿಲ್ಲಿಸಲು ಸಾಧ್ಯವೇ ಇಲ್ಲ ಅಂದರೆ ಬದಲಾವಣೆಗಳನ್ನು ಬೆನ್ನಟ್ಟಿ ಸಾಗಿಸುವ ಡೆಬೀಜಿಯಂ ಥರದ ವ್ಯವಸ್ಥೆ ಬೇಕು, ಅದು ಇದಕ್ಕಿಂತ ದೊಡ್ಡ ಕೆಲಸ. ನಿಮ್ಮ ಗಾತ್ರಕ್ಕೆ ಕೆಲವು ಗಂಟೆ ನಿಲ್ಲಿಸುವುದೇ ವಾಸಿ ಅನ್ನುತ್ತೇನೆ.

ಕಾನ್ಫಿಗ್ ಎಷ್ಟೇ ಚೆನ್ನಾಗಿ ಬರೆದರೂ ಅದು ಸಾಗಿಸದೆ ಇರುವುದೂ ಇದೆ. ಪಿಜಿಲೋಡರ್ ಡೇಟಾಬೇಸ್ ಒಳಗೇ ಬರೆದಿಟ್ಟ ವ್ಯೂಗಳನ್ನು, ಟ್ರಿಗರ್‌ಗಳನ್ನು, ಸ್ಟೋರ್ಡ್ ಪ್ರೊಸೀಜರ್‌ಗಳನ್ನು ತರುವುದಿಲ್ಲ. ಅವನ್ನು ನೀವೇ ಪೋಸ್ಟ್‌ಗ್ರೆಸ್‌ನಲ್ಲಿ ಮತ್ತೆ ಬರೆಯಬೇಕು. ಕೋಡ್‌ನಲ್ಲಿರುವ ಕ್ವೆರಿಗಳೂ ಹಾಗೆಯೇ. ಮೈಎಸ್‌ಕ್ಯೂಎಲ್‌ನಲ್ಲಿ 5 ಭಾಗಿಸು 2 ಅಂದರೆ 2.5 ಬರುತ್ತದೆ, ಪೋಸ್ಟ್‌ಗ್ರೆಸ್‌ನಲ್ಲಿ ಎರಡೂ ಪೂರ್ಣಾಂಕವಾದರೆ 2 ಬರುತ್ತದೆ. ಶೇಕಡಾವಾರು ಲೆಕ್ಕ ಹಾಕುವ ವರದಿಗಳಲ್ಲಿ ಇದು ಎರರ್ ಕೊಡದೆ ತಪ್ಪು ಉತ್ತರ ಕೊಡುತ್ತದೆ. ಮುಖ್ಯ ವರದಿಗಳನ್ನು ಎರಡೂ ಕಡೆ ಓಡಿಸಿ ಪಕ್ಕಪಕ್ಕ ಇಟ್ಟು ನೋಡಿ.

ಕೊನೆಯದಾಗಿ, ವಾಪಸ್ ಬರುವ ದಾರಿಯನ್ನು ಹೊರಡುವ ಮೊದಲೇ ತೀರ್ಮಾನಿಸಿ. ಪೋಸ್ಟ್‌ಗ್ರೆಸ್‌ನಲ್ಲಿ ಹೊಸ ಸಾಲುಗಳು ಬರೆಯಲು ಶುರುವಾದ ಮೇಲೆ ಹಳೆಯ ಕಡೆಗೆ ಮರಳುವುದು ಇನ್ನೊಂದು ಮೈಗ್ರೇಶನ್ನೇ, ಮತ್ತು ನೀವು ಬರೆದ ಕಾನ್ಫಿಗ್ ಆ ದಿಕ್ಕಿಗೆ ಕೆಲಸ ಮಾಡುವುದಿಲ್ಲ. ಮೊದಲ ಕೆಲವು ಗಂಟೆ ಬಳಕೆದಾರರಿಗೆ ಬಾಗಿಲು ತೆರೆಯದೆ ತಂಡದವರೇ ಬಳಸಿ ನೋಡಿ. ಯಾವ ತೊಂದರೆ ಕಂಡರೆ ಹಿಂದಿರುಗುವುದು, ಯಾವುದು ಕಂಡರೆ ಅಲ್ಲೇ ಸರಿಪಡಿಸುವುದು, ಅದನ್ನು ಹೇಳುವವರು ಯಾರು ಅಂತ ಮೊದಲೇ ಬರೆದಿಡಿ. ಹಳೆಯ ಮೈಎಸ್‌ಕ್ಯೂಎಲ್‌ನ್ನು ಓದಲು ಮಾತ್ರ ಆಗುವಂತೆ ಮಾಡಿ, ಕಡಿಮೆ ಅಂದರೆ ಒಂದು ತಿಂಗಳ ಕೊನೆಯ ಲೆಕ್ಕಪತ್ರ, ವರದಿಗಳೆಲ್ಲ ಹೊಸದರಲ್ಲಿ ಮುಗಿಯುವ ತನಕ ಇಟ್ಟುಕೊಳ್ಳಿ. ತಿಂಗಳಿಗೊಮ್ಮೆ ಮಾತ್ರ ಓಡುವ ಕ್ವೆರಿಯಲ್ಲಿ ತಪ್ಪಿದ್ದರೆ ಅದು ಗೊತ್ತಾಗುವುದು ಆಗಲೇ.